ಭಾರ ಬಿದ್ದ ಮೇಲೆ ಬಿಗಿ

ಶಿರಾಳಕೊಪ್ಪದಲ್ಲಿ ನಮ್ಮ ಪಕ್ಕದ ಮನೆಯ ಮೆಕ್ಯಾನಿಕ್‌ಗೆ ಓದು ಬರುತ್ತಿರಲಿಲ್ಲ. ನಟ್ಟನ್ನು ಹೆಬ್ಬೆರಳಿನಿಂದ ಸವರಿಯೇ ಅಳತೆ ಹೇಳುತ್ತಿದ್ದರು. ಅವಸರ ಮಾಡಿದವರಿಗೆಲ್ಲ ಅವರದು ಒಂದೇ ಉತ್ತರ: “ತಡೀರಿ, ಭಾರ ಬೀಳ್ಲಿ.” ಅವರ ಹೊಸ ಅಳಿಯ ಹೇಗೆ ಎಂದು ಕೇಳಿದರೂ ಅದೇ ಮಾತು.

ನಮ್ಮ ಮನೆತನಕ್ಕೇ ಮೊದಲ ಬಿ.ಎ. ಆಗಿ ನಾನು ಊರಿಗೆ ಬಂದ ವರ್ಷ, ಆನವಟ್ಟಿಯ ಸಾಹುಕಾರರ ಜೀಪಿನ ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಮುರಿದವು. ರಿಪೇರಿಗೆ ಶಿವಮೊಗ್ಗಕ್ಕೆ ಹೋಗಲಿದ್ದ ಜೀಪನ್ನು ಮೆಕ್ಯಾನಿಕ್ ಹಟ ಹಿಡಿದು ತಮ್ಮ ಮನೆಯಂಗಳಕ್ಕೆ ತರಿಸಿಕೊಂಡರು. ಕೆಲಸ ಕೆಟ್ಟಿದ್ದರೆ ಮುಂದೆ ಯಾರೂ ಅವರ ಬಳಿ ಗಾಡಿ ತರುತ್ತಿರಲಿಲ್ಲ.

ಜೀಪಿನ ಹಿಂಭಾಗವನ್ನು ಎತ್ತಿ ದಿಮ್ಮಿಗಳ ಮೇಲೆ ನಿಲ್ಲಿಸಿ ಹೊಸ ಪಟ್ಟಿಗಳನ್ನು ಕೂರಿಸಿದರು. ಆದರೆ ತುದಿಯ ಬೋಲ್ಟುಗಳನ್ನು ಕೈಯಲ್ಲಷ್ಟೇ ತಿರುಗಿಸಿ ಬಿಟ್ಟರು. ನನ್ನ ಪಕ್ಕದಲ್ಲೇ ನಿಂತು ನೋಡುತ್ತಿದ್ದ ಸಾಹುಕಾರರು ರೇಗಿದರು.

“ಏನ್ರೀ, ಸಡಿಲ ಬಿಟ್ಟೀರಲ್ಲ! ದಾರ್ಯಾಗೆ ಕಳಚಿ ಬೀಳ್ಲಿ ಅಂತೇನು?”

“ತಡೀರಿ, ಭಾರ ಬೀಳ್ಲಿ. ಮ್ಯಾಲಿದ್ದಾಗ್ಲೇ ಬಿಗಿದ್ರೆ, ಇಳಿಸಿದಾಗ ಬೋಲ್ಟಿನ ಸುತ್ತ ಇರೋ ರಬ್ಬರು ತಿರುಚಿ ಹರೀತೈತಿ.”

“ಎಲ್ಲಿ ಬರದೈತ್ರೀ ಹಂಗಂತ?”

ಮೆಕ್ಯಾನಿಕ್ ಜೀಪಿನ ಜೊತೆ ಬಂದಿದ್ದ ರಿಪೇರಿಯ ಇಂಗ್ಲಿಷ್ ಪುಸ್ತಕವನ್ನು ನನ್ನ ಕೈಗಿಟ್ಟರು. ಬೆವರುತ್ತ ಹುಡುಕಿದೆ. ಗಾಡಿಯ ಭಾರ ಸ್ಪ್ರಿಂಗಿನ ಮೇಲೆ ಬಿದ್ದ ನಂತರವೇ ಆ ಬೋಲ್ಟುಗಳನ್ನು ಬಿಗಿಯಬೇಕು ಎಂದಿತ್ತು. ಗಟ್ಟಿಯಾಗಿ ಕನ್ನಡದಲ್ಲಿ ಹೇಳಿದೆ. ನನ್ನ ಓದು ಊರಿನಲ್ಲಿ ಮೊದಲು ಕೆಲಸಕ್ಕೆ ಬಂದದ್ದು ಅಂದೇ.

“ಇಳಿಸ್ರಿ ಮತ್ತೆ” ಎಂದರು ಸಾಹುಕಾರರು. ಮೆಕ್ಯಾನಿಕ್ ಜೀಪನ್ನು ನೆಲಕ್ಕಿಳಿಸಿ, ಸ್ಪಾನರ್ ಎತ್ತಿಕೊಂಡು ನನ್ನ ಕಡೆ ನೋಡಿದರು.

“ಹಂಗಾರೆ ಪುಸ್ತಕ ಬರ್ದೋನೂ ಕೈ ಮಸಿ ಮಾಡ್ಕಂಡೋನೇ ಬಿಡ್ರಿ.”