ಆಡು ಹಿಡಿದ ವಕೀಲರು

ಮಧುಗಿರಿಯಲ್ಲಿ ನಮ್ಮ ಪಕ್ಕದ ಮನೆಯ ವಕೀಲರು ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯ ಸದಸ್ಯರಾಗಿದ್ದರು. ಯಾವ ಕಾನೂನಿನ ಕರಡು ಬಂದರೂ ಪೇಟ ಸರಿಮಾಡಿಕೊಂಡು, "ಮೊದ್ಲು ಮಾಡಿ ನೋಡೋಣ" ಎನ್ನುತ್ತಿದ್ದರು.

ಒಮ್ಮೆ, ರಸ್ತೆಗೆ ಬರುವ ಪ್ರತಿ ಆಡಿಗೂ ಹಗ್ಗ ಕಟ್ಟಿ ಹಿಡಿದಿರಬೇಕು, ತಪ್ಪಿದರೆ ಜುಲ್ಮಾನೆ ಎಂಬ ಕರಡು ಬಂತು. ವಕೀಲರು ಬೆಟ್ಟದ ಬುಡದಲ್ಲಿ ಆಡು ಕಾಯುತ್ತಿದ್ದ ಅಜ್ಜಿಯ ಮಂದೆಗೆಲ್ಲ ಹಗ್ಗ ಕಟ್ಟಿಸಿ, ತಾವೇ ಹಿಡಿದುಕೊಂಡು ಕಚೇರಿ ಬೀದಿಯಲ್ಲಿ ಹೊರಟರು. ನಾವೆಲ್ಲ ಬಾಗಿಲಿಗೆ ಬಂದೆವು. ಆಡುಗಳು ದಿಕ್ಕಿಗೊಂದರಂತೆ ಎಳೆದವು. ಹಗ್ಗ ಕಾಲಿಗೆ ಸುತ್ತಿಕೊಂಡು ವಕೀಲರು ಅಂಗಾತ ಬಿದ್ದರು.

"ಬುಟ್ಬುಡಿ ಸ್ವಾಮಿ, ನಾನು ಕೂಗಿದ್ರೆ ಸಾಕು, ಬತ್ತವೆ!" ಎಂದು ಅಜ್ಜಿ ನಕ್ಕಳು. ವಕೀಲರೂ ಬಿದ್ದಲ್ಲೇ ನಕ್ಕರು.

ಮೈಸೂರಿನ ಸಭೆಯಲ್ಲಿ ತಾವು ಬಿದ್ದ ಕಥೆಯನ್ನೇ ಹೇಳಿದರಂತೆ. ಕಾಯುವವರು ಜೊತೆಗಿದ್ದರೆ ಹಗ್ಗ ಬೇಡವೆಂದು ಸರ್ಕಾರದವರು ಕರಡನ್ನು ತಿದ್ದಿದರು.

ಸುದ್ದಿ ಕೇಳಿದ ಅಜ್ಜಿ ಒಂದು ತಂಬಿಗೆ ಆಡಿನ ಹಾಲು ತಂದು ವಕೀಲರ ಕೈಗಿಟ್ಟು, "ಕುಡೀರಿ ಸ್ವಾಮಿ, ಸೊಂಟ ಗಟ್ಟಿಯಾಗ್ಲಿ" ಎಂದಳು.