ಅಣ್ಣನ ಗಿಟಾರಿಗೆ ಅಮ್ಮ ಇಟ್ಟ ಬೊಟ್ಟು

ಮಕ್ಕಳೇ ಅನ್ವಿ, ತೇಜು, ಮೊನ್ನೆ ಅನ್ವಿ ಬಾಲ್ಕನಿಯಲ್ಲಿ ಕುಳಿತು ತನ್ನ ಗಿಟಾರಿನ ಅಂಚಿನ ಚುಕ್ಕಿಗಳಿಗೆ ಬಿಳಿ ನೇಲ್ ಪಾಲಿಶ್ ಹಚ್ಚುತ್ತಿದ್ದಾಗ ಅದರ ವಾಸನೆ ನನ್ನ ಕೋಣೆಯವರೆಗೂ ಬಂತು. ಹೊರಗೆ ಬಂದು ನೋಡಿದೆ. "ಸ್ಟೇಜಲ್ಲಿ ಈ ಚುಕ್ಕಿ ಕಾಣುದೇ ಇಲ್ಲ ಅಜ್ಜಿ, ಎಂತ ಮಾಡುದು ಹೇಳಿ" ಎಂದಳು. ನಾನು ಹ್ಞೂಂ ಎಂದು ಒಳಗೆ ಹೋದೆ. ಹೇಳಬೇಕಾದದ್ದು ಬಾಯಿಗೆ ಬರಲಿಲ್ಲ. ಮೊದಲಿನಿಂದಲೂ ನನಗೆ ಹಾಗೆಯೇ; ನಿಮ್ಮ ಅಜ್ಜ ಇದ್ದಾಗ ನನ್ನ ಪಾಲಿನ ಮಾತನ್ನೂ ಅವರೇ ಆಡುತ್ತಿದ್ದರು. ಆದ್ದರಿಂದ ಬರೆಯುತ್ತಿದ್ದೇನೆ. ಕಾವೂರಿನ ಶಾಲೆಯಲ್ಲಿ ಏಳನೆಯವರೆಗೆ ಕಲಿತ ಕನ್ನಡ ಇದು. ತಪ್ಪಿದ್ದರೆ ನಗಬೇಡಿ.

ಆಗ ಕಾವೂರು ಹಳ್ಳಿಯೇ ಆಗಿತ್ತು. ಕೆರೆಯ ಆಚೆ ಗದ್ದೆಯ ಅಂಚಿನಲ್ಲಿ ನಮ್ಮ ಹಂಚಿನ ಮನೆ. ಅದರ ಜಗಲಿಯಲ್ಲಿ ಅಮ್ಮ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಹೊಗೆಸೊಪ್ಪಿನ ಘಾಟು, ನೆನೆಸಿದ ಬೀಡಿ ಎಲೆಯ ತಂಪು ವಾಸನೆ, ಕೆರೆಯ ಕಡೆಯಿಂದ ಬರುವ ಕೆಸರಿನ ಗಾಳಿ, ಎಲ್ಲ ಸೇರಿದ ಒಂದು ವಾಸನೆ ಆ ಜಗಲಿಗೆ ಇತ್ತು. ಅಮ್ಮನ ಪಕ್ಕದಲ್ಲಿ ಕಂಬಕ್ಕೆ ಒರಗಿ ನನ್ನ ಅಣ್ಣ ಗಿಟಾರ್ ಬಾರಿಸುತ್ತಿದ್ದ. ಅವನ ಹೆಸರು ಸಂಜೀವ. ಬೋಳಾರದಲ್ಲಿ ಯಾರೋ ಮಾರಿದ ಹಳೆಯ ಗಿಟಾರನ್ನು ಅವನು ಹೆಗಲ ಮೇಲೆ ಹೊತ್ತು ತಂದ ದಿನ ಅಪ್ಪ ಗದ್ದೆಯಿಂದ ಬಂದು ಅದನ್ನು ಸುತ್ತ ತಿರುಗಿಸಿ ನೋಡಿ, "ಇದರಲ್ಲಿ ಗದ್ದೆ ಉಳ್ಲಿಕ್ಕೆ ಆಗ್ತದಾ ಕೇಳು ಅವನ ಹತ್ರ" ಎಂದು ಅಮ್ಮನಿಗೆ ಹೇಳಿದ್ದರು. ಆದರೆ ಅಣ್ಣನಿಗೆ ಒಂದು ಆರ್ಕೆಸ್ಟ್ರಾದಲ್ಲಿ ಜಾಗ ಸಿಕ್ಕಿತು. ಮದುವೆ ಮನೆಗಳಿಗೆ, ಯುವಕ ಮಂಡಲದ ವಾರ್ಷಿಕೋತ್ಸವಗಳಿಗೆ ಅವನನ್ನು ಕರೆದುಕೊಂಡು ಹೋಗತೊಡಗಿದರು. ಇಸ್ತ್ರಿ ಮಾಡಿದ ಅಂಗಿ ಹಾಕಿ ಅವನು ಗದ್ದೆಯ ಬದುವಿನಲ್ಲಿ ನಡೆದು ಹೋಗುವಾಗ ಅಪ್ಪನೂ ಕೆಲಸ ನಿಲ್ಲಿಸಿ ನೋಡುತ್ತಿದ್ದರು.

ಅಣ್ಣನಿಗೆ ಕತ್ತಲೆಯಲ್ಲಿ ಕಣ್ಣು ಕಾಣುತ್ತಿರಲಿಲ್ಲ. ಇರುಳುಗುರುಡು ಎಂದು ಅಮ್ಮ ನುಗ್ಗೆಸೊಪ್ಪಿನ ಪಲ್ಯ ಮಾಡುತ್ತಿದ್ದಳು, ಮೀನೆಣ್ಣೆ ಕುಡಿಸುತ್ತಿದ್ದಳು. ಬಾರಿಸುವವರಿಗೆ ಗಿಟಾರಿನ ಮುಂಭಾಗ ಸರಿಯಾಗಿ ಕಾಣುವುದಿಲ್ಲವಲ್ಲ, ಮೇಲಿನಿಂದ, ತಂತಿ ಒತ್ತುವ ಅದರ ಉದ್ದ ಕತ್ತಿನ ಅಂಚು ಮಾತ್ರ ಕಾಣುತ್ತದೆ. ಬೆರಳು ಎಲ್ಲಿಗೆ ಬಂತೆಂದು ತಿಳಿಯಲು ಆ ಅಂಚಿನಲ್ಲಿ ಸಣ್ಣ ಸಣ್ಣ ಚುಕ್ಕಿಗಳಿರುತ್ತವೆ. ಅಣ್ಣನ ಗಿಟಾರಿನಲ್ಲಿ ಅವು ಸವೆದು, ಮರದ ಬಣ್ಣಕ್ಕೇ ತಿರುಗಿದ್ದವು. ನಮ್ಮ ಶಾಲೆಯ ಮೈದಾನದಲ್ಲಿ ಅವರ ಕಾರ್ಯಕ್ರಮ ಎಂದು ಗೊತ್ತಾದಾಗ ಅಣ್ಣ ಅಮ್ಮನ ಬಳಿ ಬಂದು, "ಊರಿನವರ ಎದುರು ತಪ್ಪಿದ್ರೆ ಮರ್ಯಾದೆ ಹೋಗ್ತದೆ. ಈ ಚುಕ್ಕಿಗೆ ಸ್ವಲ್ಪ ಸುಣ್ಣ ಇಟ್ಟು ಕೊಡು ಅಮ್ಮ" ಎಂದ.

"ಸುಣ್ಣವಾ? ಬೋಳು ಹಣೆಯ ಹಾಗೆ ಕಾಣ್ತದೆ ಮಾರಾಯ. ಒಳ್ಳೆ ಕೆಲಸಕ್ಕೆ ಹೋಗುವಾಗ ಕೆಂಪು ಬೇಕು" ಎಂದಳು ಅಮ್ಮ. ಆಗಿನ ಹೆಂಗಸರು ಹಣೆಗೆ ಮೊದಲು ಜೇನುಮೇಣ ಸವರಿ, ಅದರ ಮೇಲೆ ಕುಂಕುಮ ಒತ್ತುತ್ತಿದ್ದರು, ಬೆವರಿದರೂ ಅಳಿಸುತ್ತಿರಲಿಲ್ಲ. ಅಮ್ಮ ತನ್ನ ಕುಂಕುಮದ ಕರಡಿಗೆಯನ್ನೇ ತಂದು, ಒಂದೊಂದು ಚುಕ್ಕಿಯ ಮೇಲೂ ಮೇಣ ಇಟ್ಟು, ತೆಂಗಿನ ಗರಿಯ ಕಡ್ಡಿಯಿಂದ ಕುಂಕುಮ ಇಟ್ಟಳು. ಮಗಳನ್ನು ಮದುವೆಗೆ ಸಿಂಗರಿಸುವ ಹಾಗೆ ಅವಳ ಮುಖ ಇತ್ತು. ಹಗಲಿನ ಬೆಳಕಿನಲ್ಲಿ ಅದು ಎಷ್ಟು ಚೆಂದ ಕಾಣುತ್ತಿತ್ತೆಂದರೆ ಅಪ್ಪ ಕೂಡ, "ಆಯ್ತು, ಇನ್ನು ಇದಕ್ಕೊಂದು ಗಂಡು ನೋಡು" ಎಂದರು.

ಆ ರಾತ್ರಿ ಶಾಲೆಯ ಮೈದಾನದಲ್ಲಿ ಮೊದಲೆರಡು ಹಾಡು ಚೆನ್ನಾಗಿಯೇ ಹೋದವು. ಮೂರನೆಯದು ದುಃಖದ ಹಾಡು. ಅಂಥ ಹಾಡಿಗೆ ಲೈಟಿನವರು ಬಲ್ಬಿಗೆ ನೀಲಿ ಕಾಗದ ಅಡ್ಡ ಹಿಡಿಯುತ್ತಿದ್ದರು. ನೀಲಿ ಬೆಳಕು ಬಿದ್ದದ್ದೇ ಕುಂಕುಮ ಕಪ್ಪಾಯಿತು, ಕಪ್ಪು ಮರದಲ್ಲಿ ಮುಳುಗಿಹೋಯಿತು. ಚಾಪೆಯ ಮೇಲೆ ಕುಳಿತಿದ್ದ ನಮಗೆ ಅದೇನೂ ಗೊತ್ತಿಲ್ಲ. ಅಣ್ಣ ಕುತ್ತಿಗೆ ಬಗ್ಗಿಸಿ ಬಗ್ಗಿಸಿ ಏನನ್ನೋ ಹುಡುಕುವುದು ಮಾತ್ರ ಕಂಡಿತು. ಹಾಡುವವರ ಸ್ವರ ಒಂದು ಕಡೆ, ಗಿಟಾರಿನದ್ದು ಇನ್ನೊಂದು ಕಡೆ. ಹಿಂದಿನಿಂದ ಯಾರೋ ಸಿಳ್ಳೆ ಹೊಡೆದು, "ಓ ಸಂಜೀವ, ಎತ್ತು ಹಗ್ಗ ಬಿಚ್ಚಿತಾ?" ಎಂದು ಕೂಗಿದರು. ಎಲ್ಲರೂ ನಕ್ಕರು. ಅಣ್ಣನ ಕೈ ನಿಂತಿತು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲಾಡದೆ ಕುಳಿತಳು.

ಮರುದಿನ ಅಮ್ಮ ಕುಂಕುಮ ಒರೆಸಿ, ಎಲೆಯಡಿಕೆ ತಟ್ಟೆಯಿಂದ ಸುಣ್ಣ ತೆಗೆದು ಮೇಣದ ಮೇಲೆ ಇಡಲು ಹೋದಳು. ಮೊದಲ ಚುಕ್ಕಿಗೇ ಕೈ ಹಿಂದೆ ತೆಗೆದಳು. ಕಡ್ಡಿಯನ್ನು ನನಗೆ ಕೊಟ್ಟಳು. ಅಂದಿನಿಂದ ಆ ಕೆಲಸ ನನ್ನದಾಯಿತು. ಬಿಳಿ ಚುಕ್ಕಿ ಯಾವ ಬೆಳಕಿನಲ್ಲೂ ಕಾಣುತ್ತಿತ್ತು. ಅಣ್ಣ ಮತ್ತೆ ಕಾರ್ಯಕ್ರಮಗಳಿಗೆ ಹೋದ, ಬರುವಾಗ ನನಗೆ ಮದುವೆ ಮನೆಯ ಲಾಡು ತಂದ. ಆದರೆ ಪ್ರತಿ ಸಲ ಹೊರಡುವ ಮೊದಲು, "ಸ್ವಲ್ಪ ದೊಡ್ಡದು ಮಾಡು ತಂಗಿ" ಎನ್ನುತ್ತಿದ್ದ. ಸಾಸಿವೆಯಷ್ಟಿದ್ದದ್ದು ಕಾಳುಮೆಣಸಿನಷ್ಟಾಯಿತು, ಆಮೇಲೆ ಕಡಲೆಕಾಳು ಒಡೆದು ಅಂಟಿಸಿದ ಹಾಗೆ ಅಂಚಿನ ಅಗಲಕ್ಕೂ ತುಂಬಿತು. ನಾನು ಅದನ್ನು ಆಟ ಎಂದುಕೊಂಡಿದ್ದೆ. ಒಂದು ಮಧ್ಯಾಹ್ನ ಅಂಗಳದಲ್ಲಿ ಬಿಸಿಲು ಕುದಿಯುತ್ತಿತ್ತು. ಚುಕ್ಕಿ ಇಟ್ಟು ಮುಗಿಸಿ ಗಿಟಾರನ್ನು ಅವನ ತೊಡೆಯ ಮೇಲೆ ಇರಿಸಿದೆ. ಅವನು ಸ್ವಲ್ಪ ಹೊತ್ತು ಬಗ್ಗಿ ನೋಡಿ, "ಇಟ್ಟು ಆಯ್ತಾ? ಇಡ್ಲಿಕ್ಕೆ ಉಂಟಾ ಇನ್ನು?" ಎಂದು ಕೇಳಿದ. ಅಮ್ಮನ ಕೈಯಲ್ಲಿದ್ದ ಬೀಡಿ ಎಲೆ ಕೆಳಗೆ ಬಿತ್ತು.

ಆರ್ಕೆಸ್ಟ್ರಾದವರು ಒಳ್ಳೆಯವರೇ. ಬಂದು ಕಾಫಿ ಕುಡಿದು, ಅಣ್ಣನ ಭುಜ ತಟ್ಟಿ, ಮತ್ತೆ ಬರುವುದನ್ನು ಬಿಟ್ಟರು. ಬೆರಳಿಗೆ ಅಭ್ಯಾಸವಾದವರಿಗೆ ಚುಕ್ಕಿ ಬೇಕಾಗಿಲ್ಲ ಎಂದು ನೀವು ಹೇಳಬಹುದು. ಮನೆಯಲ್ಲಿ ಅವನು ಕಣ್ಣು ಮುಚ್ಚಿಯೂ ಬಾರಿಸಿದವನೇ. ಆದರೆ ಆ ಸಿಳ್ಳೆ ಕೇಳಿದ ಮೇಲೆ ಅವನು ತನ್ನ ಬೆರಳನ್ನು ನಂಬುವುದನ್ನು ಬಿಟ್ಟಿದ್ದ. ಅಮ್ಮ ಒಮ್ಮೆ, "ನಾನು ಅವತ್ತು ಕೆಂಪು ಇಡಬಾರ್ದಿತ್ತು ಮಗಾ" ಎಂದಳು. "ಬಿಡಮ್ಮ, ನೀನು ಇಟ್ಟದ್ದಕ್ಕೆ ಒಂದು ದಿನವಾದ್ರೂ ಅದು ಮುತ್ತೈದೆ ಆಯ್ತಲ್ಲ" ಎಂದು ಅಣ್ಣ ನಕ್ಕ. ಅಮ್ಮ ನಗಲಿಲ್ಲ. ಆಮೇಲೆ ಅವನು ಅಮ್ಮನ ಪಕ್ಕದಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟಲು ಕಲಿತ. ಅದಕ್ಕೆ ಕಣ್ಣು ಬೇಡ. ಅವನ ಬೀಡಿಗಳು ಎಲ್ಲರದ್ದಕ್ಕಿಂತ ಸಮನಾಗಿರುತ್ತಿದ್ದವು. ಅದನ್ನು ಯಾರಾದರೂ ಹೊಗಳಿದರೆ ಅಮ್ಮ ಎದ್ದು ಒಳಗೆ ಹೋಗುತ್ತಿದ್ದಳು.

ಅಣ್ಣ ಮದುವೆಯಾಗಲಿಲ್ಲ. ಅಮ್ಮ ಹೋದ ಮೇಲೆ ಹೆಚ್ಚು ಕಾಲ ಉಳಿಯಲೂ ಇಲ್ಲ. ಆ ಮನೆ, ಆ ಗದ್ದೆ ಈಗ ಎಲ್ಲಿ ಎಂದು ಕೇಳಿದರೆ ನನಗೇ ಗುರುತು ಹಿಡಿಯಲು ಆಗುವುದಿಲ್ಲ. ಗಿಟಾರ್ ಹಿಡಿದ ಅವನ ಫೋಟೋ ಇಲ್ಲ, ಅವನು ಬಾರಿಸಿದ್ದನ್ನು ಯಾರೂ ರೆಕಾರ್ಡ್ ಮಾಡಿಲ್ಲ. ಅವನನ್ನು ಅಪ್ಪ, ಅಜ್ಜ ಎಂದು ನೆನೆಯಲು ಅವನಿಗೆ ಮಕ್ಕಳು ಮೊಮ್ಮಕ್ಕಳಿಲ್ಲ. ನನ್ನ ನಂತರ ಅವನ ಹೆಸರು ಹೇಳುವವರು ಯಾರೂ ಉಳಿಯುವುದಿಲ್ಲ. ಈ ಹಾಳೆಗಳನ್ನು ನಿಮ್ಮ ಬಟ್ಟೆಯ ಕಪಾಟಿನಲ್ಲಿ, ಗೆದ್ದಲು ಹಿಡಿಯದ ಕಡೆ ಇಡಿ ಮಕ್ಕಳೇ. ಓದದಿದ್ದರೂ ಅಡ್ಡಿಯಿಲ್ಲ, ಬಿಸಾಡಬೇಡಿ.