ತಪ್ಪಪ್ಪನ ಬಾಯಿಗೆ ರುಚಿ ತಂದ ಮಾತ್ರೆ

ಆತನದು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ. ಅಲ್ಲಿಯವರು ಇಟ್ಟ ಹೆಸರು ತಪ್ಪಪ್ಪ. ಮದುವೆಯ ಕರೆಯೋಲೆ ಕೈಗೆ ಬಂದರೂ ಹಾರೈಸುವ ಮೊದಲು ತಪ್ಪು ಹುಡುಕುವ ಆಸಾಮಿ. ಮನೆಗೆ ಬಂದರೆ ಹೆಂಡತಿಯ ಅಡುಗೆಯೇ ಕರಡು: ಉಪ್ಪು ಮುಂದಾಯಿತು, ಖಾರ ಹಿಂದಾಯಿತು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಜನ ಬೆರಳು ಚೀಪುವಂತೆ ಬೇಯಿಸಿ ಹಾಕುವ ಆಕೆ ಮನೆಯಲ್ಲಿ ಮಾತ್ರ ಮದ್ದಾಗದ ಹಿತ್ತಲ ಗಿಡ.

ಹೀಗಿರುವಾಗ ಅವನ ಮೆದುಳಿನಲ್ಲಿ ಗೆಡ್ಡೆ ಕಾಣಿಸಿಕೊಂಡಿತು. ಆಪರೇಷನ್ ಮಾಡಿ ತೆಗೆಯಬಹುದಾದಷ್ಟು ತೆಗೆದರು. ಒಳಗಿನ ಬಾವು ಇಳಿಯಲೆಂದು ಮಾತ್ರೆ ಕೊಟ್ಟರು. ಅದನ್ನು ನುಂಗಿದ್ದೇ ತಡ, ತಪ್ಪಪ್ಪನಿಗೆ ಬಕಾಸುರನ ಹಸಿವು. ತಟ್ಟೆ ಬಳಿದು ತಿಂದು, "ಏನ್ ಕೈರುಚಿ ಕಣೇ ನಿಂದು" ಎಂದ. ಆಕೆ ಒಳಗೆ ಹೋಗಿ ಅತ್ತಳು. ಕಾಯಿಲೆಗೇ ಕೈ ಮುಗಿಯೋಣವೆನ್ನಿಸಿದ್ದಕ್ಕೆ ನಾಚಿಕೊಂಡು ಇನ್ನಷ್ಟು ಅತ್ತಳು.

ಆ ಸುಖವೂ ಬಹಳ ದಿನ ಉಳಿಯಲಿಲ್ಲ. ಹೊಸ ಔಷಧಿಯೊಂದನ್ನು ಡ್ರಿಪ್ಪಿನಲ್ಲಿ ಹಾಕಿ ನೋಡೋಣವೆಂದು ಡಾಕ್ಟರಮ್ಮ ಆಕೆಯನ್ನು ಕರೆಸಿಕೊಂಡರು.

"ಮೆದುಳಲ್ಲೂ ಕಾವಲು ಕಾಯೋ ಜೀವಕೋಶಗಳಿವೆ ಅಮ್ಮ. ಗೆಡ್ಡೆ ಅವನ್ನ ತನ್ನ ಕಡೆ ಒಲಿಸ್ಕೊಂಡಿದೆ. ಓಡಿಸಬೇಕಾದವೇ ಅದನ್ನ ಸಾಕ್ತಿವೆ."

"ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲ."

"ಹೂಂ. ಅವಕ್ಕೆ ಬುದ್ಧಿ ಬರ್ಲಿ, ರಕ್ತದಲ್ಲಿರೋ ಕಾವಲಿನವೂ ಜೊತೆಗೆ ಸೇರ್ಲಿ ಅಂತ ಈ ಔಷಧಿ. ಗುಣ ಆಗೇ ಆಗುತ್ತೆ ಅಂತ ಹೇಳಕ್ಕಾಗಲ್ಲ. ಆದ್ರೆ ಬಾವಿನ ಮಾತ್ರೆ ಇದ್ರೆ ಅವೆಲ್ಲ ತೂಕಡಿಸ್ತಾವೆ. ಅದನ್ನ ಸ್ವಲ್ಪ ಸ್ವಲ್ಪವಾಗಿ ಬಿಡಿಸ್ಬೇಕು."

ಮಾತ್ರೆ ಅರ್ಧವಾಯಿತು. ತಪ್ಪಪ್ಪನ ಹೊಗಳಿಕೆಯೂ ಅರ್ಧವಾಯಿತು. ಮಾತ್ರೆ ಕಾಲಾದ ದಿನ ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಇದನ್ನ ಬೇಯಿಸಿದ್ದೀಯೋ, ಬರೀ ಹೆದರಿಸಿದ್ದೀಯೋ?" ಎಂದ. ಮರುದಿನ ಆಕೆ ಇಡೀ ಮಾತ್ರೆಯನ್ನೇ ಅಂಗೈಯಲ್ಲಿಟ್ಟುಕೊಂಡು ಒಲೆಯ ಮುಂದೆ ನಿಂತಳು. ಒಂದೇ ಒಂದು ದಿನ, ಯಾರಿಗೂ ತಿಳಿಯದು. ಆಮೇಲೆ, ಒಂದು ಒಳ್ಳೆಯ ಮಾತಿಗೆ ಗಂಡನ ತಲೆಯನ್ನು ಒತ್ತೆಯಿಡುವುದೇ ಎಂದು ತನ್ನನ್ನೇ ಬೈದುಕೊಂಡು, ಈಳಿಗೆಮಣೆಗೆ ಒಡ್ಡಿ ಕತ್ತರಿಸಿದಳು.

ಕೊನೆಗೆ ಮಾತ್ರೆ ಪೂರ್ತಿ ನಿಂತಿತು. ಡ್ರಿಪ್ಪಿನ ದಿನ ಬಂತು. ತಪ್ಪಪ್ಪ ಆಸ್ಪತ್ರೆಯ ಮಂಚದಲ್ಲಿ ಕೂತು, ಗೋಡೆಯ ಕ್ಯಾಲೆಂಡರು ಸೊಟ್ಟಗಿದೆಯೆಂದು ದೂರುತ್ತಿದ್ದ. ನರ್ಸ್ ಸೂಜಿ ತರಲು ಹೋದಾಗ ಹೆಂಡತಿಯ ಸೆರಗು ಎಳೆದ.

"ಈಗ ಮಾತ್ರೆ ಗೀತ್ರೆ ಏನೂ ಇಲ್ಲ, ಕೇಳಿಸ್ಕೋ. ನಿನ್ನ ಅಡುಗೆ ಚೆನ್ನಾಗೇ ಇರುತ್ತೆ. ಮದುವೆ ಆದಾಗಿಂದ್ಲೂ."

ಆಕೆ ಗಾಬರಿಯಿಂದ ಬಾಗಿಲ ಕಡೆ ನೋಡಿ ಅವನ ಬಾಯಿ ಮುಚ್ಚಿದಳು.

"ಮೆಲ್ಲಗೆ ಮಾತಾಡ್ರೀ. ನರ್ಸಮ್ಮ ಕೇಳಿಸ್ಕೊಂಡ್ರೆ ನಾನಿನ್ನೂ ಮಾತ್ರೆ ಕೊಡ್ತಿದ್ದೀನಿ ಅಂತ ವಾಪಸ್ ಕಳಿಸ್ಬಿಡ್ತಾರೆ."